ಐದು ಎಳೆ ಬೇಲಿ, ಒಂದು ಹಂಡ ನಾಯಿ

ಹೂವಿನಹಡಗಲಿಯಿಂದ ಹಿರೇಹಡಗಲಿಗೆ ಹೋಗುವ ರಸ್ತೆಯಲ್ಲಿ ಎಡಕ್ಕೆ ತಿರುಗಿ ನೋಡಿದರೆ ಕಾಣುವ ಬೇಲಿ ನನ್ನದು. ಬಲಕ್ಕೆ ತಿರುಗಿದರೆ ಕಾಣುವುದೂ ನನ್ನದೇ. ಎತ್ತಲೂ ತಿರುಗದೆ ಹೋಗುವವರಿಗೆ ಕಣ್ಣಿಲ್ಲ ಎಂದು ತಿಳಿದು ನಾನು ಅವರನ್ನು ಕ್ಷಮಿಸಿದ್ದೇನೆ. ಇಪ್ಪತ್ತೆರಡು ವರ್ಷದಲ್ಲಿ ಈ ಐದು ತಾಲ್ಲೂಕುಗಳಲ್ಲಿ ನಾನು ಎಳೆದ ತಂತಿಯನ್ನು ತುದಿಗೆ ತುದಿ ಗಂಟು ಹಾಕಿದರೆ ಅದು ಚಂದ್ರನವರೆಗೆ ಹೋಗಿ, ಚಂದ್ರನಿಗೆ ಮೂರು ಸುತ್ತು ಬಂದು, ಉಳಿದ ತುಂಡಿನ ಮೇಲೆ ಹರಪನಹಳ್ಳಿಯ ಅರ್ಧ ಊರು ಬಟ್ಟೆ ಒಣಗಿಸಬಹುದು. ಜನ ನನ್ನನ್ನು ಬೇಲಿ ಬೆನಕಪ್ಪ ಅನ್ನುತ್ತಾರೆ. ಅಪ್ಪ ಇಟ್ಟದ್ದು ಬೆನಕಪ್ಪ ಅಷ್ಟೇ. ಬೇಲಿ ನನ್ನ ಸ್ವಂತ ಸಂಪಾದನೆ.

ಮೊದಲು ಕಲ್ಲುಕಂಬ, ಮುಳ್ಳುತಂತಿ. ಆಮೇಲೆ ಜಾಲರಿ. ಈಗ ಐದಾರು ವರ್ಷದಿಂದ ಝಟ್ಕಾ ಬೇಲಿ: ಒಂದು ಸೋಲಾರ್ ಪ್ಲೇಟು, ಒಂದು ಬ್ಯಾಟರಿ, ಒಂದು ಮಷಿನ್ನು, ಐದು ಎಳೆ ತಂತಿ. ಸೆಕೆಂಡಿಗೊಮ್ಮೆ ಟಕ್ ಎಂದು ತಂತಿಯಲ್ಲಿ ಕರೆಂಟು ಹಾಯುತ್ತದೆ. ಮುಟ್ಟಿದ ಪ್ರಾಣಿ ಸಾಯುವುದಿಲ್ಲ, ಬುದ್ಧಿ ಕಲಿಯುತ್ತದೆ. ಕೂಡ್ಲಿಗಿ ಕಡೆಯ ಒಂದು ಕಾಡುಹಂದಿ ನನ್ನ ತಂತಿ ಮುಟ್ಟಿದ ಮೇಲೆ ಮೂರು ತಿಂಗಳು ಹಿಂದಕ್ಕೇ ನಡೆಯುತ್ತಿತ್ತು. ನೋಡಿದವರು ಇನ್ನೂ ಬದುಕಿದ್ದಾರೆ, ಬೇಕಾದರೆ ಕೇಳಿ.

ಇಷ್ಟು ದೊಡ್ಡ ಮನುಷ್ಯನ ಮರ್ಯಾದೆ ಒಂದು ನಾಯಿಯ ಬಾಲಕ್ಕೆ ಕಟ್ಟಿಬಿದ್ದದ್ದು ಪ್ರವೀಣಕುಮಾರನಿಂದ. ಕೊಟ್ಟೂರಿನ ಹತ್ತಿರ ಅವನದು ನಲವತ್ತು ಎಕರೆ ದಾಳಿಂಬೆ ತೋಟ. ಹಂದಿ, ಕರಡಿ ಎರಡರ ಕಾಟವೂ ಇತ್ತು. ವಯಸ್ಸು ಮೂವತ್ತು ದಾಟಿಲ್ಲ, ಆದರೆ ದಾಳಿಂಬೆ ಬಾಯಿಗೆ ಹಾಕುವ ಮೊದಲು ಕಾಳು ಎಣಿಸುವ ಜಾತಿಯ ಮನುಷ್ಯ. ನಮ್ಮ ಅಂಗಳಕ್ಕೆ ಬಂದು, ಮಾದರಿಗೆಂದು ಹಾಕಿದ್ದ ಬೇಲಿಗಳನ್ನೆಲ್ಲ ಸುತ್ತಿ ನೋಡಿ, ಚಹಾ ಕುಡಿದು, ಕಪ್ಪು ಕೆಳಗಿಟ್ಟ.

"ಬೆನಕಪ್ಪಣ್ಣ, ನಿಮ್ಮ ಬೇಲಿ ಕಥಿ ಭಾಳ ಕೇಳೀನಿ. ನನ್ನ ಕಣ್ಣ ಮುಂದ ಒಂದು ಪ್ರಾಣಿ ನಿಲ್ಲಿಸಿ ತೋರಸ್ರಿ. ನಿಂತ್ರ ನಲವತ್ತು ಎಕರಿ ಕೆಲಸ ನಿಮ್ದು. ಐದೂ ಎಳಿ ಹಾಕಸ್ತೀನಿ."

"ಎಂಥಾ ಪ್ರಾಣಿ ಬೇಕು ಹೇಳು."

"ದಾಟೇ ದಾಟತೀನಿ ಅನ್ನೋದು ಬೇಕು. ಎಮ್ಮಿ ತಂದು ನಿಲ್ಲಿಸಬ್ಯಾಡ್ರಿ ಮತ್ತ. ಇವತ್ತು ಸೋಮವಾರ. ಇದನ್ನ ಬಿಟ್ಟು ಎರಡನೇ ಸೋಮವಾರ ಬರತೀನಿ."

ಆ ಕೆಲಸ ಸಿಕ್ಕರೆ ಹಗರಿಬೊಮ್ಮನಹಳ್ಳಿ, ಕೊಟ್ಟೂರು ಸೀಮೆಯ ದಾಳಿಂಬೆಯವರೆಲ್ಲ ನಮ್ಮ ಮನೆ ಮುಂದೆ ಸಾಲು ನಿಲ್ಲುತ್ತಿದ್ದರು. ತಪ್ಪಿದರೆ ಉಳಿದ ಆಯುಷ್ಯ ಪೂರಾ ನಾನು ಕೋಳಿಗೂಡಿನ ಬಾಗಿಲು ಸರಿಮಾಡುತ್ತ ಕೂರಬೇಕು. ಮೊದಲು ಗುಡೇಕೋಟೆ ಕಡೆಯ ಕರಡಿಯೊಂದನ್ನು ವಿಚಾರಿಸಿದೆ. ಅದಕ್ಕೆ ಪುರುಸೊತ್ತಿರಲಿಲ್ಲ. ಆಗ ನೆನಪಾದದ್ದು ಉಚ್ಚಂಗೆಪ್ಪನ ಹಂಡ್ಯಾ.

ಉಚ್ಚಂಗೆಪ್ಪ ಕುರಿಯವನು. ಮೆಕ್ಕೆಜೋಳ ಕಟಾವಾದ ನನ್ನ ಹೊಲದಲ್ಲಿ ಪ್ರತಿ ವರ್ಷ ಕುರಿ ತರುಬುತ್ತಾನೆ. ಹಗಲೆಲ್ಲ ಮೇಯಿಸಿ, ಸಂಜೆಗೆ ಹೊಲದ ನಡುವೆ ಗೂಟ ಹೊಡೆದು ಸುತ್ತ ಬಲೆ ಕಟ್ಟಿ ಇನ್ನೂರು ಕುರಿಗಳನ್ನು ಒಳಗೆ ಕೂಡುತ್ತಾನೆ. ಆ ಬಲೆಯ ದೊಡ್ಡಿಗೆ ಅವರು ಹಟ್ಟಿ ಅನ್ನುತ್ತಾರೆ. ಕುರಿಗೆ ಮೇವು, ಹೊಲಕ್ಕೆ ಗೊಬ್ಬರ. ಹಂಡ್ಯಾ ಆ ಹಟ್ಟಿಯ ನಾಯಿ. ಕಪ್ಪು ಮೈಮೇಲೆ ಬೂದಿ ಚೆಲ್ಲಿದಂಥ ಹಂಡ ಬಣ್ಣ. ಎತ್ತರ ನನ್ನ ಮೊಣಕಾಲಿಗಿಂತ ಗೇಣು ಮೇಲೆ; ಹೇಳುವಾಗ ಎದೆಯ ತನಕ ಬರುತ್ತದೆ. ತೋಳದ ಜೊತೆ ಬಿದ್ದು ಎಡಗಿವಿ ಕೊಟ್ಟು, ತೋಳದ ಪ್ರಾಣ ತಗೊಂಡದ್ದು. ಉಚ್ಚಂಗೆಪ್ಪ ಹೇಳಿದ್ದು ಒಂದು ತೋಳ. ನನ್ನ ಬಾಯಲ್ಲಿ ಅವು ಏಳಾಗುತ್ತವೆ. ಅದು ನನ್ನ ತಪ್ಪಲ್ಲ, ಬಾಯಿ ಹುಟ್ಟಿದ್ದೇ ಹಾಗೆ.

"ಉಚ್ಚಂಗೆಪ್ಪ, ನಿನ್ನ ನಾಯಿ ಎರಡು ವಾರ ನನಗ ಕೊಡು" ಅಂದೆ.

"ಯಾಕ್ರಿ ಸಾವ್ಕಾರ್ರ, ಮನಿಗೆ ಕಳ್ಳರು ಬರಾಕ ಹತ್ಯಾರೇನು?"

"ಬೇಲಿ ಪರೀಕ್ಷೆ ಮಾಡಬೇಕಾಗೇತಿ. ಒಳಗ ಬಿಡತೀನಿ. ಹೊರಗ ಬರಬಾರ್ದು."

ಉಚ್ಚಂಗೆಪ್ಪ ನಕ್ಕ. "ಒಳಗ ನಿಲ್ಲಾಂಗಿಲ್ರಿ ಅದು. ಹಟ್ಟಿ ಒಳಗ ಕುರಿ, ಹೊರಗ ನಾಯಿ. ಕಣ್ಣು ಬಿಟ್ಟಾಗಿಂದ ಹೊರಗ ಮಕ್ಕೊಂಡೈತಿ. ಅಂಬಲಿನೂ ಬಲಿ ಮಗ್ಗಲಕ ಹೊರಗ ಇಟ್ರ ಅಷ್ಟ ಕುಡಿಯೋದು. ಒಳಗ ಹಾಕಿದ್ರ ಅದಕ್ಕ ಅವಮಾನ ಆಗತೈತಿ."

"ನಿನ್ನ ಬಲಿ ಬ್ಯಾರೆ, ನನ್ನ ಬೇಲಿ ಬ್ಯಾರೆ ಲೇ."

ಕುರಿ ಮೇಯುತ್ತಿದ್ದ ನನ್ನ ಹೊಲದ ಕಡೆ ಒಂದು ಸಲ, ಆ ತುದಿಯಿಂದ ಈ ತುದಿಗೆ, ನಿಧಾನವಾಗಿ ಕಣ್ಣು ಹಾಯಿಸಿದೆ. ಮುಂದಿನ ವರ್ಷವೂ ಅವನಿಗೆ ಹೊಲ ಬೇಕಲ್ಲ. ಬುದ್ಧಿವಂತ, ತಿಳಿದುಕೊಂಡ.

"ಎರಡನೇ ಸೋಮವಾರ ಮುಂಜಾನಿ ಹೊಳಿ ಕಡಿ ಹೊಂಡತೀವ್ರಿ" ಅಂದ. "ಅಲ್ಲಿ ತ್ವಾಳ ಭಾಳ ಅದಾವ. ಇದಿಲ್ಲಂದ್ರ ನನ್ನ ಕೈಲಿ ಆಗಾಂಗಿಲ್ಲ. ಇನ್ನೊಂದು ಮರಿ ನಾಯಿ ಐತಿ, ಅದಕ್ಕ ಇನ್ನಾ ನೆಟ್ಟಗ ಬೊಗಳಾಕ ಬರಾಂಗಿಲ್ಲ. ನಿಮ್ಮನಿ ಮುಂದ ಹಾಯೋವಾಗ ಕರಕೊಂಡು ಹೋಗತೀನಿ. ತಪ್ಪಸಬ್ಯಾಡ್ರಿ."

"ಹುಲಿ ಮಾಡಿ ಕೊಡತೀನಿ ಹೋಗು" ಅಂದೆ.

ಅಂಗಳಕ್ಕೆ ತಂದು, ಆರಡಿ ಜಾಲರಿಯ ಒಳಗೆ ಬಿಟ್ಟು, ಗೇಟು ಹಾಕಿದೆ. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಹಂಡ್ಯಾ ಗೇಟಿನ ಹೊರಗೆ ಕೂತಿದೆ. ಮನೆಗೆ ಬೆನ್ನು, ರಸ್ತೆಗೆ ಮುಖ. ಅದರ ತಲೆಯ ಮೇಲೆ ನನ್ನ ಅಂಗಡಿಯ ಬೋರ್ಡು: 'ಒಳಗಿದ್ದದ್ದು ಒಳಗೆ, ಹೊರಗಿದ್ದದ್ದು ಹೊರಗೆ.'

ನನ್ನ ಹೆಂಡತಿ ಗಂಗಾಂಬಿಕಾ ಬಾಗಿಲಲ್ಲಿ ನಿಂತು ನೋಡಿದಳು. ಅವಳು ಮಾತಾಡುವುದು ಕಡಿಮೆ, ಆಡಿದರೆ ಮುಳ್ಳುತಂತಿ.

"ಬೇಲಿ ಹೊರಗಿಂದ ಛಲೋ ಕಾಣತೈತಂತ. ನೋಡಾಕ ಹೋಗೈತಿ ಬಿಡ್ರಿ."

ಆರಡಿಯನ್ನು ಎಂಟಡಿ ಮಾಡಿದೆ. ನೀರಿನ ಟಾಕಿಯ ಮೇಲೆ ಹತ್ತಿ ಅಲ್ಲಿಂದ ಹಾರಿತು. ಟಾಕಿಯನ್ನು ಕೀಳಿಸಿದೆ. ಕೆಳಗೆ ಕೆರೆದು ನುಸುಳಿತು. ಸುತ್ತಲೂ ಎರಡಡಿ ಆಳ ಕಾಂಕ್ರೀಟು ಸುರಿಸಿದೆ, ಅಣೆಕಟ್ಟಿಗೆ ಹಾಕುವಂಥದ್ದು. ನಾಳೆ ತುಂಗಭದ್ರೆ ಒಡೆದರೂ ನಮ್ಮ ಅಂಗಳಕ್ಕೆ ಹನಿ ನೀರು ಬರುವುದಿಲ್ಲ. ಗೇಟಿನ ಚಿಲಕವನ್ನು ಮೂತಿಯಿಂದ ಎತ್ತಿತು. ಬೀಗ ಹಾಕಿದೆ. ಗೇಟಿನ ಸರಳುಗಳ ನಡುವೆ ನಾನು ನನ್ನ ಕೈ ತೂರಿಸಿ ನೋಡಿದರೆ ಮೊಣಕೈಗೆ ಸಿಕ್ಕಿಕೊಳ್ಳುತ್ತಿತ್ತು. ಅದರೊಳಗೆ ಅಷ್ಟು ದೊಡ್ಡ ನಾಯಿ ಎಣ್ಣೆಯ ಹಾಗೆ ಹರಿದು ಹೋಯಿತು.

ಓಡಿಹೋಗುವ ನಾಯಿಯಾಗಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಓಡಿದ್ದರೆ ಹಿಡಿದು ತರಬಹುದು, ಊರಿಗೆ ಗೊತ್ತಾಗುವುದಿಲ್ಲ. ಇದು ಎಲ್ಲಿಗೂ ಹೋಗುವುದಿಲ್ಲ. ಬೇಲಿಯ ಹೊರಗೆ ಮನೆಯನ್ನು ಮೂರು ಸುತ್ತು ಬಂದು, ಗೇಟಿನ ಮುಂದೆ ಕೂರುತ್ತದೆ. ಅಷ್ಟೇ. ಬಸ್ಸಿನವರು ಅದನ್ನು ನೋಡಲಿಕ್ಕೆಂದೇ ನಿಧಾನ ಮಾಡತೊಡಗಿದರು. ಕಂಡಕ್ಟರೊಬ್ಬ ಕಿಟಕಿಯಿಂದ ತಲೆ ಹಾಕಿ, "ಸಾವ್ಕಾರ್ರ, ನಾಯಿ ಹೊರಗ ಐತಿ, ನೀವು ಒಳಗ ಅದೀರಿ, ಬೇಲಿ ಯಾರಿಗೆ ಹಾಕೀರಿ?" ಅಂದ. ಆ ಬಸ್ಸು ಹಡಗಲಿ ಸ್ಟ್ಯಾಂಡು ಮುಟ್ಟುವುದರೊಳಗೆ ಆ ಮಾತು ನೀಲಗುಂದ ಮುಟ್ಟಿತ್ತು.

ಆರನೆಯ ದಿನ ಮಲ್ಲಿಗೆ ಬಿಡಿಸುವ ಹೆಂಗಸರ ಕಥೆ ಆಯಿತು. ಮನೆಯ ಹಿಂದೆ ಗಂಗಾಂಬಿಕೆಯ ಅರ್ಧ ಎಕರೆ ಮಲ್ಲಿಗೆ ಇದೆ. ನಸುಕಿನಲ್ಲಿ ಎಂಟು ಜನ ಬಂದು ಮೊಗ್ಗು ಬಿಡಿಸಿ, ಏಳು ಗಂಟೆಯ ದಾವಣಗೆರೆ ಬಸ್ಸಿಗೆ ಬುಟ್ಟಿ ಏರಿಸಬೇಕು. ಅವರು ಒಳಗೆ ಹೋಗುವಾಗ ಹಂಡ್ಯಾ ಸುಮ್ಮನೆ ನೋಡಿತು. ಬುಟ್ಟಿ ಹೊತ್ತು ಹೊರಗೆ ಬರುವಾಗ ಎದ್ದು ನಿಂತಿತು. ಕಚ್ಚಲಿಲ್ಲ. ಬರೀ ಅಡ್ಡ ನಿಂತು, ತುಟಿ ಎತ್ತಿ, ಹಲ್ಲು ತೋರಿಸಿ, ಎಂಟೂ ಜನರನ್ನು ಹಿಂದಕ್ಕೆ ಅಟ್ಟಿ ಬೇವಿನ ಗಿಡದ ಬುಡಕ್ಕೆ ಗುಂಪು ಮಾಡಿ ನಿಲ್ಲಿಸಿತು. ಒಬ್ಬಳು ಪಕ್ಕಕ್ಕೆ ಸರಿದರೆ ಹೋಗಿ ಒತ್ತಿ ಗುಂಪಿಗೆ ಸೇರಿಸುತ್ತಿತ್ತು. ನಾನು ಕೋಲು ಹಿಡಿದು ಹೋದೆ. ಒಂಬತ್ತನೆಯವನಾಗಿ ನನ್ನನ್ನೂ ಬೇವಿನ ಬುಡಕ್ಕೆ ಸೇರಿಸಿತು.

ಬಸ್ಸು ಹೋಯಿತು. ಮೊಗ್ಗು ಬುಟ್ಟಿಯಲ್ಲೇ ಅರಳಿತು. ಕಡೆಗೆ ಗಂಗಾಂಬಿಕಾ ಉಚ್ಚಂಗೆಪ್ಪನಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದಳು. ಅವನು ಆ ಕಡೆಯಿಂದ ಕುರಿ ಬಿಡುವಾಗಿನ ಸದ್ದು ಮಾಡಿದ, "ಹುರ್ರೋ, ಹೊ, ಹೊ." ಹಂಡ್ಯಾ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಹೋಗುವಾಗ ಒಬ್ಬೊಬ್ಬರನ್ನೇ ಮೂಸಿ ನೋಡಿ ಕಳಿಸಿತು, ಎಣಿಸುವವರ ಹಾಗೆ.

ಅವತ್ತು ಗಂಗಾಂಬಿಕಾ ನನ್ನೆದುರು ಕೂತಳು.

"ರೀ, ಇದು ಓಡಿ ಹೋಗಾಕ ಹತ್ತಿಲ್ಲ. ಕಾಯಾಕ ಹತ್ತೈತಿ. ಇದು ಅದರ ಹಟ್ಟಿ. ನಾವು ಅದರ ಕುರಿ."

"ಕುರಿ ನೀನು. ನನ್ನ ಸೇರಸಬ್ಯಾಡ."

"ನಿಮ್ಮನ್ನೂ ಸೇರಿಸಿ ನಿಲ್ಲಸ್ತಲ್ಲ. ಹೊರಗ ಬಿಡ್ರಿ ಅದನ್ನ. ಆ ಹುಡುಗ ಬಂದಾಗ ಹೇಳ್ರಿ, ನೋಡಪಾ, ಇಂಥಾ ನಾಯಿ ಇದ್ರ ಬೇಲಿನ ಬ್ಯಾಡ ಅಂತ."

"ಬೇಲಿ ಮಾರೋನ ಹೆಂಡ್ತಿ ಆಡೋ ಮಾತಾ ಇದು?"

ಎದ್ದು ಒಳಗೆ ಹೋದಳು. ನಾನು ಝಟ್ಕಾ ಮಷಿನ್ನು ತಂದು ಹಚ್ಚಿದೆ. ಗೆಲುವಿನ ಮರ್ಯಾದೆ ಜಾಲರಿಗೆ ಹೋಗಬಾರದೆಂದು ಜಾಲರಿಯನ್ನೂ ಹಳೆಯ ಗೇಟನ್ನೂ ಪೂರಾ ಕಿತ್ತಿಸಿದೆ. ಬರೀ ಕಂಬಗಳು, ಐದು ಎಳೆ ತಂತಿ, ಒಂದು ತಂತಿಯ ಗೇಟು. ಮೊದಲ ದಿನ ಮೂತಿ ತಗುಲಿ ಕುಂಯ್ ಅಂದಿತು. ನಾನು ಊರಿಗೆಲ್ಲ ಪೇಡೆ ಹಂಚಿಸಿದೆ. ಮೂರನೆಯ ದಿನ ಹಂಡ್ಯಾ ತಂತಿಯ ಮುಂದೆ ಕೂತು, ತಲೆ ವಾರೆ ಮಾಡಿ, ಒಂದು ತಾಸು ಮಷಿನ್ನಿನ ಸದ್ದು ಕೇಳಿತು. ಟಕ್. ಟಕ್. ಆ ಎರಡು ಟಕ್ಕುಗಳ ನಡುವೆ ಒಂದು ಸೆಕೆಂಡು ಬರುತ್ತದಲ್ಲ, ಅದರಲ್ಲಿ ಹಾದುಹೋಯಿತು. ಬಾಲದ ತುದಿಗೆ ಒಂದು ತಗುಲಿರಬಹುದು. ಮೈ ಪೂರಾ ದಪ್ಪ ಕೂದಲು, ಕರೆಂಟು ಎಲ್ಲಿ ಹತ್ತಬೇಕು?

ಶುಕ್ರವಾರ ಪ್ರವೀಣಕುಮಾರ ಫೋನು ಮಾಡಿದ.

"ಅಣ್ಣಾ, ಸೋಮವಾರ ಬರೋದಾ ಬ್ಯಾಡಾ? ನಾಯಿ ಇನ್ನಾ ಹೊರಗ ಕುಂತೈತಿ ಅಂತ ನಮ್ಮ ಟ್ರ್ಯಾಕ್ಟರ್ ಡ್ರೈವರ್ ಹೇಳಿದ."

"ಬಾ. ಒಳಗ ಕುಂತಿರತೈತಿ."

"ಇಲ್ಲಂದ್ರ ಬಳ್ಳಾರಿಯಿಂದ ಒಬ್ಬರು ಬರತೀನಿ ಅಂದಾರ, ಅವರನ್ನ ಕರಸ್ತೀನಿ."

ಫೋನಿಟ್ಟು ನಾನು ಹಂಡ್ಯಾನ ಎದುರಿಗೆ ಕುರ್ಚಿ ಹಾಕಿಕೊಂಡು ಕೂತೆ. ಮೂತಿಯಿಂದ ಬಾಲದವರೆಗೆ ನೋಡಿದೆ. ಐದು ತಾಲ್ಲೂಕಿನಲ್ಲಿ ನನ್ನಷ್ಟು ಬುದ್ಧಿವಂತ ಇಲ್ಲವೆಂದು ನಾನು ಸುಮ್ಮನೆ ಹೇಳುವುದಿಲ್ಲ. ಕೂದಲಿಲ್ಲದ ಜಾಗ ಯಾವುದು, ಒದ್ದೆಯಾಗಿರುವ ಜಾಗ ಯಾವುದು ಎಂದು ಯೋಚಿಸಿದೆ. ಅದು ಆಗ ಆಕಳಿಸಿ ತಾನೇ ಉತ್ತರ ತೋರಿಸಿತು.

ಸರಪಳಿ ಹಾಕಿ ಬೇವಿನ ಬುಡಕ್ಕೆ ಕಟ್ಟಿದೆ. ಶುಕ್ರವಾರ ಅನ್ನವಿಲ್ಲ, ಶನಿವಾರವೂ ಇಲ್ಲ. ನೀರು ಮಾತ್ರ. ಗಂಗಾಂಬಿಕಾ ಎರಡು ಸಲ ರೊಟ್ಟಿ ತಂದಳು, ಎರಡು ಸಲವೂ ನಾನೇ ತಿಂದೆ. ಭಾನುವಾರ ಮಧ್ಯಾಹ್ನ, "ಇವತ್ತು ಅಂಬಲಿ ಕಾಸು, ನಾಯಿಗೆ ಹಾಕೋಣು" ಅಂದೆ. ಅವಳ ಮುಖ ಅರಳಿತು. ಜೋಳದ ಹಿಟ್ಟು, ಮಜ್ಜಿಗೆ, ಎರಡು ದಿನದ ಹಸಿವಿಗೆ ಇರಲಿ ಎಂದು ಒಂದು ಹಿಡಿ ಉಪ್ಪು. ಉಪ್ಪು ಹಾಕಿದ್ದು ಚೆನ್ನಾಯಿತು. ಉಪ್ಪು ನೀರಿನಲ್ಲಿ ಕರೆಂಟು ಇನ್ನೂ ಚೆಂದ ಓಡುತ್ತದೆ.

ನನ್ನ ಹಳೆಯ ಬನಿಯನ್ನು ಹರಿದು ತುಂಡು ಮಾಡಿದೆ. ತುಂಡುಗಳನ್ನು ಅಂಬಲಿಯಲ್ಲಿ ಅದ್ದಿ, ಐದೈದು ಅಡಿಗೆ ಒಂದರಂತೆ, ನಾಯಿಯ ಬಾಯಿ ಎತ್ತರದ ಎಳೆಗೆ ಕಟ್ಟುತ್ತ ಬಂದೆ. ಬೇಲಿಯ ಗುಂಟ ನೆಲಕ್ಕೆ ಪೈಪು ಹಿಡಿದು ನೀರು ಬಿಟ್ಟೆ. ಕಾಲು ಒದ್ದೆ ನೆಲದಲ್ಲಿರಬೇಕು. ಮಷಿನ್ನಿನ ಪೆಟ್ಟಿಗೆಗೆ ಬೀಗ ಹಾಕಿ ಕೀಲಿಕೈ ಜೇಬಿಗೆ ಇಳಿಸಿದೆ. ಸರಪಳಿ ಬಿಚ್ಚಿದೆ.

ಹಂಡ್ಯಾ ಮೂಗೆತ್ತಿತು. ಅಂಬಲಿ ವಾಸನೆ, ಅದೂ ಬೇಲಿಯ ಕಡೆಯಿಂದ, ಅದರ ತಟ್ಟೆ ಯಾವಾಗಲೂ ಇರುವ ಕಡೆಯಿಂದ. ಬಾಲ ಆಡಿಸುತ್ತ ಹೋಯಿತು. ಮೊದಲ ಬಟ್ಟೆಯ ಮುಂದೆ ನಿಂತು ನನ್ನ ಕಡೆ ಒಂದು ಸಲ ನೋಡಿತು, ಕೇಳಿ ತಿನ್ನುವ ಅಭ್ಯಾಸವಿರಬೇಕು. ಆಮೇಲೆ ನಾಲಿಗೆ ಚಾಚಿತು.

ನಾನು ಯಾವುದನ್ನೂ ಹತ್ತು ಪಟ್ಟು ಮಾಡಿ ಹೇಳುವವನು. ಇದನ್ನು ಇದ್ದಷ್ಟೇ ಹೇಳುತ್ತೇನೆ. ಅದು ನಾಯಿ ಮಾಡುವ ಸದ್ದಲ್ಲ. ನಾಲ್ಕು ಕಾಲೂ ನೆಲ ಬಿಟ್ಟವು. ಬಿದ್ದು, ಎದ್ದು, ತಲೆ ಕೊಡವಿ, ಆ ಜಾಗ ಕೆಟ್ಟದ್ದು ಎಂದುಕೊಂಡು ಎರಡನೆಯ ಬಟ್ಟೆಗೆ ಹೋಯಿತು. ಅಲ್ಲೂ ಅದೇ. ಮೂರನೆಯದಕ್ಕೆ ಹೋಯಿತು. ಹಸಿವಿಗೆ ಎಣಿಕೆ ಬರುವುದಿಲ್ಲ.

ಸದ್ದಿಗೆ ಗಂಗಾಂಬಿಕಾ ಹೊರಗೆ ಬಂದಳು.

"ಬಂದ್ ಮಾಡ್ರಿ ಅದನ್ನ."

"ಕಲಿಯಾಕ ಹತ್ತೈತಿ, ಸುಮ್ನಿರು."

"ಕೀಲಿಕೈ ಕೊಡ್ರಿ."

ನಾನು ಕೊಡಲಿಲ್ಲ. ಅವಳು ಸೀದಾ ಹೋಗಿ ಒಂದು ಬಟ್ಟೆಗೆ ಕೈ ಹಾಕಿ ಎಳೆದಳು. ಅವಳಿಗೂ ಒಂದು ಹೊಡೆಯಿತು. ಒದ್ದೆ ನೆಲದಲ್ಲಿ ಕೂತುಬಿಟ್ಟಳು. ಮುಟ್ಟಿದವರು ಯಾರು, ಏನು ಎಂದು ನನ್ನ ಮಷಿನ್ನು ಕೇಳುವುದಿಲ್ಲ; ಅದರ ದೊಡ್ಡ ಗುಣವೇ ಅದು. ಅವಳು ಅಲ್ಲೇ ಕೂತು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಉಳಿದದ್ದನ್ನು ನೋಡಿದಳು. ಒಂಬತ್ತು ಬಟ್ಟೆ ಆದವು. ಹಂಡ್ಯಾ ಹತ್ತನೆಯದರ ಹತ್ತಿರ ಹೋಗಿ, ಮೂಸಿ, ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಬಂದು, ಅಂಗಳದ ನಡುವೆ ನಿಂತು, ಮಲಗಿತು. ಬಾಯಿಂದ ನೊರೆಯ ಜೊತೆ ರಕ್ತ ಇಳಿಯುತ್ತಿತ್ತು.

ಅದಾದ ಮೇಲೆ ಗಂಗಾಂಬಿಕಾ ಉಳಿದ ಅಂಬಲಿಯನ್ನು ತಟ್ಟೆಯಲ್ಲಿ ಹಾಕಿ ಅದರ ಮುಂದೆ ಇಟ್ಟಳು. ವಾಸನೆ ಬಡಿದದ್ದೇ ತಡ, ಅದು ತೆವಳಿಕೊಂಡು ದೂರ ಹೋಯಿತು.

ಸೋಮವಾರ ಒಂಬತ್ತು ಗಂಟೆಗೆ ಪ್ರವೀಣಕುಮಾರ ಕಾರಿನಲ್ಲಿ ಬಂದ. ನಾನು ಹೊಸ ಅಂಗಿ ಹಾಕಿದ್ದೆ. ಹಂಡ್ಯಾ ಬೇವಿನ ಬುಡದಲ್ಲಿತ್ತು, ಬೇಲಿಯೊಳಗೆ, ಬಸ್ಸಿನವರೆಲ್ಲ ನೋಡುವ ಹಾಗೆ. ಅವನು ಕೊಟ್ಟೂರಿನಿಂದ ಬರುವಾಗ ತಾನೇ ಮಾಂಸ ತಂದಿದ್ದ. ಕವರು ಬಿಚ್ಚಿ ಬೇಲಿಯ ಹೊರಗೆ ಹಾಕಿದ. ನಾಯಿ ತಲೆ ಎತ್ತಿತು, ಮತ್ತೆ ಕೆಳಗಿಟ್ಟಿತು.

"ಗೇಟು ತಗೀರಿ" ಅಂದ.

ತೆಗೆದೆ. ನಾಯಿ ಏಳಲಿಲ್ಲ.

"ಮಷಿನ್ ಬಂದ್ ಮಾಡ್ರಿ."

ಮಾಡಿದೆ. ಟಕ್ ಟಕ್ ನಿಂತಿತು. ನಾಯಿ ಏಳಲಿಲ್ಲ. ನನಗೆ ಒಳಗಿಂದ ನೀರಿನ ಊಟೆ ಒಡೆದ ಹಾಗೆ ಖುಷಿ ಉಕ್ಕಿತು. ಪ್ರಪಂಚದಲ್ಲಿ ಯಾರೂ ಮಾಡದ ಕೆಲಸ ಮಾಡಿದ್ದೇನೆ ಅನಿಸಿತು.

"ಪ್ರವೀಣಣ್ಣ, ಇಷ್ಟಕ್ಕ ಏನು ನೋಡತಿ? ತಂತಿನ ಬಿಚ್ಚತೀನಿ, ನೋಡು" ಅಂದು ಇಕ್ಕಳ ತಗೊಂಡು, ರಸ್ತೆಯ ಕಡೆಯ ಐದೂ ಎಳೆಗಳನ್ನು ಬಿಚ್ಚಿ ಸುರುಳಿ ಸುತ್ತಿಟ್ಟೆ. ಆನೆ ಹಾಯುವಷ್ಟು ಬಯಲು. ಬರೀ ಕಂಬ. ಹಂಡ್ಯಾ ಕಂಬಗಳ ಸಾಲನ್ನು ನೋಡುತ್ತ ಮಲಗೇ ಇತ್ತು. ಪ್ರವೀಣಕುಮಾರ ಮೊದಲ ಸಲ ನನ್ನ ಕಡೆ ಗೌರವದಿಂದ ನೋಡಿದ. ಫೋನು ತೆಗೆದು ವಿಡಿಯೋ ಮಾಡಿಕೊಂಡ.

ಅಷ್ಟರಲ್ಲಿ ರಸ್ತೆಯ ಮೇಲೆ ಕುರಿ ಬಂದವು. ಇನ್ನೂರು ಕುರಿ, ಬಲೆ ಹೊತ್ತ ಒಂದು ಕತ್ತೆ, ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಉಚ್ಚಂಗೆಪ್ಪ. ಕಂಬಗಳ ಮುಂದೆ ನಿಂತು ನಕ್ಕ.

"ತಂತಿನ ಬಿಚ್ಚೀರಲ್ರಿ ಸಾವ್ಕಾರ್ರ. ಸೋತ್ರಿ ಅನ್ರಿ ಹಂಗಾರ."

"ಕರಿ ನೋಡೋಣು" ಅಂದೆ.

ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದ. ಹಂಡ್ಯಾ ಸಿಡಿದೆದ್ದಿತು. ಬಾಣದ ಹಾಗೆ ಬಂದಿತು. ಕಂಬಗಳ ಸಾಲು ಇನ್ನು ನಾಲ್ಕಡಿ ಇದೆ ಅನ್ನುವಾಗ ಗೋಡೆಗೆ ಬಡಿದಂತೆ ನಿಂತಿತು. ಬಾಲ ಕಾಲ ಸಂದಿಗೆ ಹೋಯಿತು. ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು. ಕುರಿಗಳ ಕಡೆ ನೋಡುತ್ತದೆ, ನೆಲದ ಕಡೆ ನೋಡುತ್ತದೆ, ಮೈ ಪೂರಾ ನಡುಗುತ್ತದೆ, ಒಂದು ಹೆಜ್ಜೆ ಮುಂದಿಡುವುದಿಲ್ಲ.

ಉಚ್ಚಂಗೆಪ್ಪನ ನಗೆ ನಿಂತಿತು. ಇನ್ನೊಂದು ಸಲ ಕರೆದ. ಆಮೇಲೆ ಒಳಗೆ ಬಂದು, ಕುಂಟು ಕುರಿಯನ್ನು ಎತ್ತಿಕೊಳ್ಳುವ ಹಾಗೆ ಅದನ್ನು ಎರಡೂ ಕೈಯಲ್ಲಿ ಎತ್ತಿ ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದ. ಕಂಬಗಳ ಸಾಲು ದಾಟುವಾಗ ಹಂಡ್ಯಾ ಕಿರುಚಿ ಅವನ ಮುಂಗೈಗೆ ಬಾಯಿ ಹಾಕಿತು. ಅವನು ಬಿಡಲಿಲ್ಲ. ಕುರಿಗಳ ನಡುವೆ ಒಯ್ದು ಇಳಿಸಿದ. ಇಳಿಸಿದ ಕ್ಷಣವೇ ಅದು ಕುರಿಗಳನ್ನು ಸೀಳಿಕೊಂಡು, ಒಂದು ಮರಿಯ ಮೇಲೆ ಹಾಯ್ದು, ಅಂಗಳದೊಳಕ್ಕೆ ಓಡಿಬಂದು ಬೇವಿನ ಬುಡಕ್ಕೆ ಮುದುರಿಕೊಂಡಿತು. ಕುರಿಗಳು ಚದುರಿದವು. ಹಡಗಲಿ ಕಡೆಯಿಂದ ಬಂದ ಲಾರಿ ಹಾರನ್ನು ಒತ್ತುತ್ತ ನಿಂತಿತು.

ಉಚ್ಚಂಗೆಪ್ಪ ಮತ್ತೆ ಒಳಗೆ ಬಂದ. ಮಂಡಿಯೂರಿ ನಾಯಿಯ ಬಾಯಿ ತೆರೆದ. ನಾಲಿಗೆಯ ತುದಿ ಹಲ್ಲಿಗೆ ಸಿಕ್ಕು ಹರಿದಿತ್ತು.

"ಬಾಯಿಗೆ ಏನು ಮಾಡೀರಿ?"

"ಏನಿಲ್ಲಪಾ, ಸ್ವಲ್ಪ ಬುದ್ಧಿ ಹೇಳೀನಿ, ಒಂದ ಸಲ."

"ಒಂಬತ್ತು" ಅಂದಳು ಗಂಗಾಂಬಿಕಾ, ಬಾಗಿಲಿನಿಂದ.

ಅವನು ಅವಳ ಕಡೆ ನೋಡಿದ, ತಂತಿಯ ಸುರುಳಿಯ ಕಡೆ ನೋಡಿದ, ಉಳಿದ ಮೂರು ಬದಿಯ ತಂತಿಗೆ ಒಣಗಿ ಇನ್ನೂ ನೇತಾಡುತ್ತಿದ್ದ ಅಂಬಲಿ ಬಟ್ಟೆಗಳ ಕಡೆ ನೋಡಿದ. ಕುರಿಯವನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಅವನು ಕೋಲು ಎತ್ತುತ್ತಾನೆ ಎಂದುಕೊಂಡು ನಾನು ಪ್ರವೀಣಕುಮಾರನ ಹಿಂದೆ ಸರಿದೆ. ಅವನು ಎತ್ತಲಿಲ್ಲ. ಮುಂಗೈಯ ರಕ್ತವನ್ನು ಕಂಬಳಿಗೆ ಒರೆಸಿಕೊಂಡ.

"ಕರಕೊಂಡು ಹೋಗೋ ಮಾರಾಯ" ಅಂದೆ. "ಎರಡು ದಿನಕ್ಕ ಸರಿ ಹೋಗತೈತಿ."

"ಎಲ್ಲಿಗೆ ಕರಕೊಂಡು ಹೋಗಲಿ? ಸಂಜಿಗೆ ಬಲಿ ಕಟ್ಟಿದ್ರ ಬಲಿ ಕಂಡ ಓಡತೈತಿ. ಅಂಬಲಿ ಕಂಡ ಓಡತೈತಿ. ನಾ ನಾಯಿ ಕೊಟ್ಟಿದ್ದೆ ಸಾವ್ಕಾರ್ರ. ನೀವು ಕೊಡಾಕ ಹತ್ತಿದ್ದು ಕುರಿ. ಕುರಿ ನನ್ನ ಹತ್ರ ಇನ್ನೂರು ಅದಾವ."

ಎದ್ದ. ಹೊರಗೆ ಹೋಗಿ, "ಹುರ್ರೋ, ಹೊ, ಹೊ" ಎಂದು ಕುರಿ ಕೂಡಿಸಿಕೊಂಡ. ಆ ಸದ್ದಿಗೆ ಹಂಡ್ಯಾ ಎದ್ದು ನಿಂತಿತು. ಕುರಿಗಳು ಹೊಳೆಯ ಕಡೆ ಹೊರಟವು. ಒಂಟಿ ಮರಿ ನಾಯಿ ಹಿಂದೆ ಮುಂದೆ ಓಡಾಡುತ್ತ ಹೋಯಿತು, ಕೆಲಸ ಏನೆಂದು ತಿಳಿಯದೆ. ಕಡೆಯ ಕುರಿ ತಿರುವು ದಾಟುವವರೆಗೂ ಹಂಡ್ಯಾ ನಾಲ್ಕಡಿ ಈಚೆಗೆ ನಿಂತು ನೋಡಿತು. ಬೊಗಳಲಿಲ್ಲ. ಆಮೇಲೆ ಅದು ನಮ್ಮ ಅಂಗಳದಲ್ಲೇ ಇದೆ. ರಸ್ತೆಯ ಕಡೆ ಇವತ್ತಿಗೂ ತಂತಿ ಇಲ್ಲ.

ಪ್ರವೀಣಕುಮಾರ ವಿಡಿಯೋ ನಿಲ್ಲಿಸಿ ಫೋನು ಜೇಬಿಗಿಟ್ಟ. ನಾನು ಅಳತೆಯ ಪುಸ್ತಕ ತೆಗೆದು ಪೆನ್ನು ಕೊಡವಿದೆ.

"ನಲವತ್ತು ಎಕರಿ, ಐದು ಎಳಿ. ಬರಕೊಳ್ಳಲಾ?"

"ಐದು ಯಾಕ ಬೇಕು ಅಣ್ಣಾ?"

"ಅಂದ್ರ?"

"ತಂತಿ ಇಲ್ಲದನ ನಿಂತೈತಲ್ಲ. ಎರಡು ಎಳಿ ಹಾಕ್ರಿ. ಬಟ್ಟಿಗೆ ಬೆಲ್ಲದ ನೀರು ಅದ್ದಿ ನಾನ ಕಟ್ಟಸ್ತೀನಿ. ಒಂದು ಸಲ ಹಂದಿ ನಾಲಿಗಿ ಸುಟ್ರ ಮುಗೀತು."

ನಾನು ಕಂಬಗಳ ಸಾಲಿನ ಮೇಲೆ ನಿಂತು ಐದು ಎಳೆ ಯಾಕೆ ಬೇಕೆಂದು ವಿವರಿಸಿದೆ. ಕರಡಿಯ ಎತ್ತರ ಹೇಳಿದೆ, ಹಂದಿಯ ಚರ್ಮದ ದಪ್ಪ ಹೇಳಿದೆ, ಹಿಂದಕ್ಕೆ ನಡೆದ ಹಂದಿಯ ಕಥೆ ಹೇಳಿದೆ. "ಹಂದಿ ಅಂದ್ರ ನಾಯಿ ಅಲ್ಲಪಾ, ಅದು ಹೇಳಿದ ಮಾತು ಕೇಳಾಂಗಿಲ್ಲ" ಅಂದೆ.

"ಈ ನಾಯಿನೂ ಕೇಳತಿದ್ದಿಲ್ಲಲ್ಲ" ಅಂದ ಅವನು.

ನಾಲ್ಕಕ್ಕೆ ಇಳಿದೆ. ಅವನು ಕಾರಿನ ಕಡೆ ನಡೆದ. ಮೂರಕ್ಕೆ ಇಳಿದೆ. ಅವನು ಬಾಗಿಲು ತೆಗೆದು, ಒಂದು ಕಾಲು ಒಳಗಿಟ್ಟು, ಎರಡು ಬೆರಳು ತೋರಿಸಿದ. ಬಳ್ಳಾರಿಯವರ ನೆನಪಾಯಿತು. ಎರಡಕ್ಕೆ ಕೈ ಕೊಟ್ಟೆ.

ಕೇಳಿದವರಿಗೆ ಹತ್ತು ಎಳೆ ಎಂದು ಹೇಳಿದ್ದೇನೆ.